ಮಗಳು ನನ್ನನ್ನು ವೈನಿ ಎನ್ನುತ್ತಿದ್ದಳು

ನನ್ನ ಮಗಳು ನಾಲ್ಕು ವರ್ಷದವಳಾಗುವವರೆಗೂ ನನ್ನನ್ನು ಅವ್ವ ಎಂದು ಕರೆಯಲಿಲ್ಲ. ವೈನಿ ಎನ್ನುತ್ತಿದ್ದಳು. ಸಿಂದಗಿ ತಾಲೂಕಿನ ಕನ್ನೊಳ್ಳಿ ನನ್ನ ಗಂಡನ ಊರು. ಮನೆಯಲ್ಲಿ ಇಬ್ಬರು ಮೈದುನರು. ಅವರಿಗೆ ನಾನು ಅಣ್ಣನ ಹೆಂಡತಿ, ಹಾಗಾಗಿ ವೈನಿ. ನಮ್ಮವರು ಅವರಿಗೆ ಅಣ್ಣ, ಅತ್ತೆ ಅವ್ವ. ಮಗು ಕಿವಿಗೆ ಬಿದ್ದದ್ದನ್ನೇ ಕಲಿಯಿತು. ಹೆತ್ತ ಅಪ್ಪ ಅದಕ್ಕೆ ಅಣ್ಣನಾದರು, ಅಜ್ಜಿ ಅವ್ವ ಆದರು, ನಾನು ವೈನಿಯಾದೆ. ಕೂಡಿ ಬಾಳುವ ಮನೆಗಳಲ್ಲಿ ಇದು ಹೊಸದಲ್ಲ. ನನ್ನ ತವರು ಚಡಚಣದ ಕಡೆಯೂ ಎಷ್ಟೋ ಮಕ್ಕಳು ಹೀಗೇ ಕರೆಯುತ್ತಿದ್ದವು, ದೊಡ್ಡವರಾದ ಮೇಲೂ ಬಿಡುತ್ತಿರಲಿಲ್ಲ. ನಾನು ಒಂದೆರಡು ಸಲ ತಿದ್ದಲು ಹೋದೆ. ಅತ್ತೆ ನಕ್ಕು, ಬಾಯಿಗೆ ಬಂದಂತೆ ಕರೆಯಲಿ ಬಿಡು, ಅತ್ತರೆ ಎತ್ತಿಕೊಳ್ಳುವವಳು ನಾನೇ ಅಲ್ಲವೇ ಎಂದರು. ಅದು ಸುಳ್ಳಲ್ಲ. ನಾನು ರೊಟ್ಟಿ ಬಡಿದು ಹೊಲಕ್ಕೆ ಬುತ್ತಿ ಒಯ್ದು ಬರುವ ತನಕ ಮಗು ಅವರ ಮಡಿಲಲ್ಲೇ ಇರುತ್ತಿತ್ತು.

ಮಗು ಹುಟ್ಟಿದ ವರ್ಷವೇ ನಮ್ಮವರು ಮಸ್ಕತ್‌ಗೆ ಕಟ್ಟಡದ ಕೆಲಸಕ್ಕೆ ಹೋದರು. ನಡುವೆ ಒಮ್ಮೆ ರಜೆಗೆ ಬಂದಾಗ ನನಗೂ ಮಗಳಿಗೂ ಪಾಸ್‌ಪೋರ್ಟ್ ಮಾಡಿಸಿದರು. ಮುಂದೆ ಯಾವಾಗಲಾದರೂ ಕರೆಸಿಕೊಳ್ಳುವ ಆಸೆ. ಅವರು ತಿರುಗಿ ಹೋದ ದಿನದಿಂದ ಅತ್ತೆ ನನ್ನ ಮೇಲೆ ಕಣ್ಣಿಟ್ಟರು. ಪಾಸ್‌ಪೋರ್ಟ್ ಇಟ್ಟಿದ್ದ ಟ್ರಂಕಿನ ಕೀಲಿ ಎಲ್ಲಿ ಎಂದು ಆಗಾಗ ಕೇಳುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ದಿನ ಅಲ್ಲಿಂದ ಫೋನ್ ಬಂತು. ಮಾತಾಡಿದವರು ಮುದ್ದೇಬಿಹಾಳದವರು, ನಮ್ಮವರ ಜೊತೆ ಒಂದೇ ಕೋಣೆಯಲ್ಲಿದ್ದವರು. ಛಾವಣಿಗೆ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಹಲಗೆಗಳು ಕುಸಿದು ನಮ್ಮವರು ಮೇಲಿನಿಂದ ಬಿದ್ದಿದ್ದರು. ಬೆನ್ನಿಗೂ ಬಲಗೈಗೂ ಪೆಟ್ಟು. ಮಾತು ಸ್ವಚ್ಛವಾಗಿದೆ, ಆದರೆ ಡಾಕ್ಟರು ಭರವಸೆ ಕೊಡುತ್ತಿಲ್ಲ, ಮಗಳನ್ನು ನೋಡಬೇಕು ಎನ್ನುತ್ತಿದ್ದಾರೆ ಎಂದರು. ವೀಸಾ, ಟಿಕೆಟ್ ಎಲ್ಲ ಅವರೇ ಓಡಾಡಿ ಮಾಡಿಸಿದರು. ಮಗು ತಂದೆಯಿಲ್ಲದೆ ಪ್ರಯಾಣ ಮಾಡುವುದರಿಂದ ತಂದೆಯ ಒಪ್ಪಿಗೆ ಪತ್ರ ಬೇಕೆಂದು ಅದನ್ನೂ ಕಳಿಸಿದರು.

ನಾನು ಹೋಗುವುದಕ್ಕೆ ಅತ್ತೆ ಬೇಡವೆನ್ನಲಿಲ್ಲ. ಮಗುವನ್ನು ಬಿಟ್ಟು ಹೋಗು ಎಂದರು.

"ಕೂಸು ಇಲ್ಲಿದ್ರ ನನ್ನ ಮಗಾ ಎದ್ದು ಬರ್ತಾನ. ನೀವಿಬ್ರೂ ಅಲ್ಲಿ ಹೋಗಿ ಕುಂತ್ರ ಅಂವಾ ಈ ಕಡೆ ಯಾಕ ಹೊಳ್ಳಿ ನೋಡ್ತಾನ?"

"ಅವರು ಕೇಳಿದ್ದು ಮಗಳನ್ನ್ರಿ ಅತ್ತಿ."

"ನನಗ ಹೇಳಬ್ಯಾಡ. ಅಂವನ್ನ ಹಡದಾಕಿ ನಾನು."

ಮನಗೂಳಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನನ್ನ ಅಣ್ಣ ಕರೆದೊಯ್ಯಲು ಬಂದಾಗ ಅತ್ತೆ ಅವನಿಗೆ ಚಹಾ ಕೊಡಲಿಲ್ಲ. ಕಟ್ಟೆಯ ಮೇಲೆ ಕೂತುಕೊಂಡೇ, ತಂಗಿಯನ್ನು ವಿಮಾನ ಹತ್ತಿಸಲು ಬಂದಿರೇನು ಮಾಸ್ತರ, ಈ ಮನೆಯ ಗಂಡಸರೆಲ್ಲ ಸತ್ತರೆಂದು ತಿಳಿದಿರೇನು ಎಂದು ಕೇಳಿದರು. ಅಣ್ಣ ತಲೆ ಬಗ್ಗಿಸಿ ಚೀಲ ಎತ್ತಿಕೊಂಡ. ನನ್ನ ಹಣೆಗೆ ಯಾರೂ ಕುಂಕುಮ ಹಚ್ಚಲಿಲ್ಲ. ಮಗು ಬಸ್ ನಿಲ್ದಾಣದವರೆಗೂ ಅವ್ವ ಬರಲಿ, ಅವ್ವ ಬರಲಿ ಎಂದು ಅಳುತ್ತಿತ್ತು. ದಾರಿಯಲ್ಲಿ ಕಂಡವರೆಲ್ಲ ನನ್ನನ್ನೇ ದುರುಗುಟ್ಟಿ ನೋಡಿದರು.

ಸೊಲ್ಲಾಪುರದಿಂದ ರೈಲಿನಲ್ಲಿ ಮುಂಬೈಗೆ ಹೋದೆವು. ವಿಮಾನ ನಿಲ್ದಾಣದ ಬಾಗಿಲಲ್ಲಿ ಅಣ್ಣನನ್ನು ತಡೆದರು. ಒಳಗೆ ನಾನೂ ಮಗಳೂ ಇಬ್ಬರೇ.

ಪಾಸ್‌ಪೋರ್ಟ್ ನೋಡುವ ಅಧಿಕಾರಿ ಒಪ್ಪಿಗೆ ಪತ್ರ ಓದಿ, ಕೆಳಗಿನ ಹೆಬ್ಬೆಟ್ಟಿನ ಗುರುತಿನ ಮೇಲೆ ಬೆರಳಿಟ್ಟರು. ಜೊತೆಗಿಟ್ಟ ಪಾಸ್‌ಪೋರ್ಟ್ ನಕಲಿನಲ್ಲಿ ನಿಮ್ಮ ಗಂಡನ ಸಹಿ ಇದೆ, ಇಲ್ಲಿ ಹೆಬ್ಬೆಟ್ಟು ಯಾಕೆ ಒತ್ತಿದ್ದಾನೆ ಎಂದು ಕೇಳಿದರು. ಬಲಗೈ ಮುರಿದಿದೆ ಎಂದೆ. ಅವರು ನಂಬಲಿಲ್ಲ. ನಮ್ಮನ್ನು ಸಾಲಿನಿಂದ ತೆಗೆದು ಬದಿಯ ಕೋಣೆಯಲ್ಲಿ ಕೂಡಿಸಿದರು. ಅಲ್ಲಿದ್ದ ದೊಡ್ಡ ಅಧಿಕಾರಿ ಸೊಲ್ಲಾಪುರದ ಕಡೆಯವರು, ಮರಾಠಿಯ ಜೊತೆ ನಮ್ಮ ಮಾತೂ ಬರುತ್ತಿತ್ತು. ನನಗೆ ಜೀವ ಬಂದಂತಾಯಿತು. ಅವರು ನನ್ನನ್ನು ಏನೂ ಕೇಳದೆ ಮಗಳ ಕಡೆ ಬಾಗಿದರು.

"ಈಕಿ ನಿನಗ ಏನಾಗಬೇಕ?"

"ವೈನಿ."

"ಎಲ್ಲಿ ಹೊಂಟೀರಿ?"

"ಅಣ್ಣನ ಕಡೆ."

"ನಿಮ್ಮವ್ವ ಎಲ್ಲದಾಳ?"

"ಊರಾಗ. ಆಕೀನೂ ಕರ್ಕೊಂಡು ಬರಬೇಕಿತ್ತು."

ಅವರು ನನ್ನ ಕಡೆ ತಿರುಗಿದರು. ನಾನು ಮನೆಯ ರೂಢಿಯನ್ನು ಹೇಳಿದೆ. ಹೇಳುತ್ತಿದ್ದಂತೆ ನನಗೇ ಅದು ಕಟ್ಟುಕತೆಯಂತೆ ಕೇಳಿಸಿತು. ಅವರು ನಿಧಾನವಾಗಿ, "ನಮ್ಮ ಮನ್ಯಾಗೂ ಹುಡುಗ್ರು ಹಂಗ ಕರೀತಾವ ತಂಗಿ. ಅದನ್ನ ತಿಳದವರು ಮಂದಿ ಕೂಸಿಗೂ ಪಾಸ್‌ಪೋರ್ಟ್ ಮಾಡಿಸಿ, ಹಂಗ ಹೇಳಿ ಒಯ್ತಾರ" ಎಂದರು. ಊರಲ್ಲಿ ಫೋನ್ ಇದೆಯೇ ಎಂದು ಕೇಳಿದರು. ಇದೆ ಎಂದು ನಾನೇ ನಂಬರು ಹೇಳಿದೆ. ಅತ್ತೆ ಎಷ್ಟು ಸಿಟ್ಟಾಗಿದ್ದರೂ ಮಗನ ಹತ್ತಿರ ಹೊರಟವಳು ಸೊಸೆ ಎಂಬಷ್ಟನ್ನಾದರೂ ಹೇಳುತ್ತಾರೆ ಎಂದುಕೊಂಡಿದ್ದೆ.

ಅವರು ಮಾತಾಡಿದ್ದು ಸ್ವಲ್ಪ ಹೊತ್ತು. ಫೋನ್ ಇಟ್ಟು, ಮಗುವಿನ ಅವ್ವ ನಾನೇ ಎಂದು ಒಬ್ಬ ಹೆಂಗಸು ಹೇಳಿದಳು ಎಂದರು.

"ಅವರು ನಮ್ಮತ್ತಿ ರೀ. ಕೂಸಿನ ಅಜ್ಜಿ."

"ಫೋನಿನ್ಯಾಗ ವಯಸ್ಸು ಕಾಣಂಗಿಲ್ಲ."

ಇನ್ನೊಮ್ಮೆ ಮಾಡಿರೆಂದು ಕೈ ಮುಗಿದೆ. ಮಾಡಿದರು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರು. ಫೋನ್ ಇರುವುದು ಪಡಸಾಲೆಯಲ್ಲಿ, ಅತ್ತೆ ಕೂರುವ ಜಾಗದಿಂದ ಕೈಗೆಟಕುವಷ್ಟು ಹತ್ತಿರ. ರಿಂಗಾಗುತ್ತಲೇ ಇತ್ತು.

ಒಬ್ಬ ಮಹಿಳಾ ಪೊಲೀಸು ಬಂದು ನನ್ನ ಚೀಲ ಸುರುವಿ ನೋಡಿದಳು. ಮಗಳ ಅಂಗಿ ಎತ್ತಿ ಮೈಮೇಲಿನ ಮಚ್ಚೆ ಎಲ್ಲಿದೆ ಎಂದು ನನ್ನನ್ನು ಕೇಳಿದಳು. ಸರಿಯಾಗಿ ಹೇಳಿದೆ. ಮಗು ನೋಡಿಕೊಳ್ಳುವ ಆಳಿಗೂ ಅಷ್ಟು ಗೊತ್ತಿರುತ್ತದೆ ಎಂದಳು. ಮಗಳು ಅವಳು ಕೊಟ್ಟ ಬಿಸ್ಕತ್ತು ತಿನ್ನುತ್ತ ಕಾಲು ಆಡಿಸುತ್ತಿದ್ದಳು. ಗಾಜಿನ ಆಚೆ ವಿಮಾನಗಳು ಏಳುತ್ತಿದ್ದವು. ನಮ್ಮದು ಯಾವುದೆಂದು ಯಾರೂ ಹೇಳಲಿಲ್ಲ, ಹೋಯಿತು ಎಂದಷ್ಟೇ ಹೇಳಿದರು.

ಬಾಗಿಲಲ್ಲೇ ಕಾದಿದ್ದ ಅಣ್ಣನಿಗೆ ಪೊಲೀಸರು ಸುದ್ದಿ ಮುಟ್ಟಿಸಿದರು, ಅವನು ಹೊರಗಿನ ಎಸ್‌ಟಿಡಿ ಬೂತಿನಿಂದ ಮಸ್ಕತ್‌ಗೆ ಫೋನ್ ಹಚ್ಚಿದ. ಮುದ್ದೇಬಿಹಾಳದವರು ಆಸ್ಪತ್ರೆಯವರನ್ನು ಕಾಡಿ ಬೇಡಿ, ಕೈ ಮುರಿದಿರುವುದು ನಿಜ, ಬರುತ್ತಿರುವವರು ಹೆಂಡತಿ ಮಗಳು ಎಂದು ಫ್ಯಾಕ್ಸ್ ಕಳಿಸಿದರು. ಮರುದಿನ ನಮ್ಮನ್ನು ಬಿಟ್ಟರು. ಅದೇ ಅಧಿಕಾರಿ ಮುದ್ರೆ ಒತ್ತಿ ಕೊಟ್ಟರು. ತಪ್ಪಾಯಿತು ಎನ್ನಲಿಲ್ಲ, ನಾನೂ ಕಾಯಲಿಲ್ಲ.

ಮಸ್ಕತ್‌ನಲ್ಲಿ ಇಳಿದಾಗ ಮುದ್ದೇಬಿಹಾಳದವರು ನನ್ನ ಮುಖ ನೋಡದೆ ಚೀಲ ತೆಗೆದುಕೊಂಡರು. ಬಿಸಿಲು ನಮ್ಮ ಕಡೆಯದೇ, ಆದರೆ ಒಂದು ಗಿಡದ ನೆರಳಿಲ್ಲ. ಕಾರಿನಲ್ಲಿ ಕೂತ ಮೇಲೆ ಹೇಳಿದರು: "ನಿನ್ನೆ ಸಂಜಿತನಕ ಮಾತಾಡಿದ್ರು ವೈನಿ. ವಿಮಾನ ಇಳೀತೇನು, ಇಳೀತೇನು ಅಂತ ಕೇಳಾಕತ್ತಿದ್ರು. ಆಮ್ಯಾಲೆ ಜ್ವರ ನೆತ್ತಿಗೇರಿತು."

ಆಸ್ಪತ್ರೆಯಲ್ಲಿ ನಮ್ಮವರ ಬಾಯಿಯಲ್ಲಿ ನಳಿಗೆ ಇತ್ತು. ಕಣ್ಣು ಅರ್ಧ ತೆರೆದಿದ್ದವು, ಯಾವ ಕಡೆಗೂ ತಿರುಗಲಿಲ್ಲ. ಮಗಳನ್ನು ಎತ್ತಿ ತೋರಿಸಿದೆ. ಮಗಳು ನನ್ನ ಕುತ್ತಿಗೆ ತಬ್ಬಿ, ಅಣ್ಣ ಯಾಕೆ ಮಾತಾಡುತ್ತಿಲ್ಲ ಎಂದು ಪಿಸುಗುಟ್ಟಿದಳು. ನಾವು ಅಲ್ಲಿದ್ದ ದಿನಗಳಲ್ಲಿ ಅವರು ಒಂದು ಮಾತೂ ಆಡದೆ ತೀರಿಹೋದರು. ಮಗಳಿಗೆ ಏನು ಹೇಳಬೇಕೆಂದು ಅಷ್ಟು ದೂರದಿಂದ ಕರೆಸಿದ್ದರೋ, ಅದು ಈ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ದುಃಖ ಎಂದರೆ ನನಗೆ ಈಗಲೂ ಅದೇ. ಸತ್ತದ್ದನ್ನು ಹೇಗೋ ಒಪ್ಪಿಕೊಂಡೆ. ಹೇಳದೆ ಉಳಿದ ಮಾತನ್ನು ಒಪ್ಪಿಕೊಳ್ಳಲು ಆಗಿಲ್ಲ.

ಪೆಟ್ಟಿಗೆಯ ಜೊತೆ ಊರಿಗೆ ಬಂದೆವು. ನಮ್ಮಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಅಷ್ಟು ದಿನ ಪೆಟ್ಟಿಗೆಯಲ್ಲಿ ಮಲಗಿ ಬಂದ ದೇಹ ಬಾಗಲಿಲ್ಲ, ಮಲಗಿಸಿಯೇ ಹೊಲದಲ್ಲಿ ಇಟ್ಟರು. ಅದೂ ನನ್ನ ಕಾಲ್ಗುಣವೆಂದು ಅತ್ತೆ ಬಂದವರ ಮುಂದೆಲ್ಲ ಹೇಳಿದರು. ಫೋನಿನ ಮಾತು ಎತ್ತಲಿಲ್ಲ.

ದಿನಕರ್ಮವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ, ಜೋಳ ಹಸನು ಮಾಡುತ್ತ ಕೂತಿದ್ದವರು ತಲೆ ಎತ್ತದೆ ಕೇಳಿದರು.

"ನನ್ನ ಮಗಾ ಏನಂದ?"

"ಏನೂ ಅನ್ನಲಿಲ್ರಿ. ಮಾತು ನಿಂತಿತ್ತು. ಹಿಂದಿನ ದಿನಾ ಹೋಗಿದ್ರ ಇತ್ತಂತ."

ಮೊರ ಆಡುವುದು ನಿಂತಿತು. ಜೋಳದಲ್ಲಿನ ಕಲ್ಲೊಂದನ್ನು ಹೆಕ್ಕಿ ಎಸೆದು ಹೇಳಿದರು: "ಕೂಸಿನ ಅವ್ವ ಯಾರಂತ ಕೇಳಿದ್ರು. ನಾನ ಅಂದೆ. ಅದು ಹಂಗ ಕರೀತದ. ಸುಳ್ಳೇನದು?"

"ಮತ್ತ ಮಾಡಿದಾಗ ಯಾಕ ಎತ್ತಲಿಲ್ರಿ?"

ಅವರು ಮೊರ ಬದಿಗಿಟ್ಟು, ನನ್ನ ಪಕ್ಕದಲ್ಲಿ ಆಡುತ್ತಿದ್ದ ಮಗಳ ಕಡೆ ಎರಡೂ ಕೈ ಚಾಚಿದರು. ಬಾ ನನ್ನವ್ವ, ಉಣ್ಣೂಣು ಬಾ ಎಂದರು. ಮಗಳು ಎದ್ದಳು. ನಾನು ರಟ್ಟೆ ಹಿಡಿದು ಕೂಡಿಸಿಕೊಂಡೆ. ಕೊಸರಿದಳು, ಅವ್ವಾ ಎಂದು ಅವರನ್ನು ಕೂಗಿದಳು, ನನ್ನ ಮುಂಗೈ ಕಚ್ಚಿದಳು. ಬಿಡಲಿಲ್ಲ.