ಬೆನ್ನ ಮೇಲಿನ ನ್ಯೂಜೆರ್ಸಿ

ಎರಡು ಸಾವಿರನೇ ಇಸವಿ ಹತ್ತಿರವಾಗುತ್ತಿದ್ದ ವೈಟೂಕೆ ಕಾಲದಲ್ಲಿ ನಾನು ಹಗಲೆಲ್ಲ ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿ ತಿದ್ದುತ್ತಿದ್ದೆ. ಎರಡಂಕಿ ಇದ್ದಲ್ಲಿ ನಾಲ್ಕಂಕಿ ಮಾಡುವುದು, ಅಷ್ಟೇ ಘನಕಾರ್ಯ. ಇಂಥ ಕೆಲಸ ಮಾಡುವವನಿಗೆ ತಾನೂ ಗಂಡಸು ಎಂದು ಆಗಾಗ ನೆನಪಿಸಿಕೊಳ್ಳಬೇಕು ಅನ್ನಿಸುತ್ತದೆ. ಸೆಕೆಂಡ್ ಹ್ಯಾಂಡ್ ಮೋಟರ್‌ಬೈಕ್ ಕೊಂಡೆ. ನ್ಯೂಜೆರ್ಸಿಯಲ್ಲಿ ನಾವಿದ್ದ ವೆಸ್ಟ್ ವಿಂಡ್ಸರ್‌ನ ಇನ್ನಿಬ್ಬರು ಕನ್ನಡಿಗರೂ ಕೊಂಡರು. ಮೂವರೂ ಸೇರಿ ಕ್ಲಬ್ ಕಟ್ಟಿಯೇಬಿಟ್ಟೆವು.

ಕ್ಲಬ್ ಅಂದಮೇಲೆ ಕೋಟಿನ ಬೆನ್ನ ಮೇಲೆ ಹೊಲಿದ ಪ್ಯಾಚ್ ಬೇಡವೇ? ರಸ್ತೆಯಲ್ಲಿ ಕಂಡ ಗಡ್ಡದ ಬೈಕ್ ಸವಾರರನ್ನು ನೋಡಿ ನಕಲು ಹೊಡೆದೆ. ಮೇಲೆ ಕಮಾನಿನಂತೆ ‘ಕನ್ನಡ ಕಲಿಗಳು’, ನಡುವೆ ಗಂಡಭೇರುಂಡ, ಕೆಳಗೆ ಇನ್ನೊಂದು ಕಮಾನಿನಲ್ಲಿ ‘ನ್ಯೂಜೆರ್ಸಿ’. ಎಲ್ಲವೂ ಹಳದಿ-ಕೆಂಪು. ಕೆಳಗಿನದನ್ನು ಮಾತ್ರ ಇಂಗ್ಲಿಷಿನಲ್ಲಿ ಹಾಕಿಸಿದೆ, ಅಮೆರಿಕದವರಿಗೂ ಓದಲು ಬರಲಿ ಎಂದು. ಈ ಜಾಣತನ ಪೂರ್ತಿ ನನ್ನದೇ.

ಹೊಲಿದವಳು ನನ್ನ ಹೆಂಡತಿ. ತೋಳಿಲ್ಲದ ಜೀನ್ಸ್ ಕೋಟಿನಲ್ಲಿ ಸೂಜಿ ಮುರಿದಾಗಲೆಲ್ಲ ನನ್ನನ್ನು ಬೈದಳು. ಆದರೆ ‘ನ್ಯೂಜೆರ್ಸಿ’ಯನ್ನು ಮಾತ್ರ ಎರಡೆರಡು ಸಲ ಹೊಲಿದಳು. “ಬಂದು ಇಷ್ಟು ವರ್ಷ ಆಯ್ತು. ಇದೂ ನಮ್ಮೂರೇ ಅಂತ ಅನ್ನಿಸ್ಬೇಕಲ್ವೇನ್ರೀ” ಎಂದಳು.

ರಾಜ್ಯೋತ್ಸವದ ದಿನ ಮೂರು ಬೈಕುಗಳು ಕನ್ನಡ ಸಂಘದ ಸಭಾಂಗಣದ ಮುಂದೆ ಗುಡುಗುತ್ತ ಬಂದು ನಿಲ್ಲಬೇಕಿತ್ತು. ಒಬ್ಬರ ಮಗನಿಗೆ ಸ್ವಿಮ್ಮಿಂಗ್ ಕ್ಲಾಸು, ಇನ್ನೊಬ್ಬರಿಗೆ ಸೊಂಟ ಹಿಡಿದಿತ್ತು. ಉಳಿದ ಕಲಿ ನಾನೊಬ್ಬನೇ. ಹೆಂಡತಿ ರೇಷ್ಮೆ ಸೀರೆಯುಟ್ಟು, ಬಿಸಿಬೇಳೆಬಾತಿನ ಪಾತ್ರೆಯೊಂದಿಗೆ ಕಾರಿನಲ್ಲಿ ಹಿಂದೆ ಬರುತ್ತಿದ್ದಳು.

ರೂಟ್ ಒನ್ ಹೆದ್ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಂತಾಗ ನಿಜವಾದ ಬೈಕ್ ಕ್ಲಬ್ಬಿನ ನಾಲ್ವರು ಬಂದು ನನ್ನನ್ನು ಸುತ್ತುವರಿದರು. ಪೊಲೀಸರೂ ದೂರವಿಡುವಂಥ ಆಸಾಮಿಗಳು.

“ಈ ಬಣ್ಣ ಯಾರದು?” ಎಂದು ಅವರಲ್ಲಿ ದೊಡ್ಡವನು ಇಂಗ್ಲಿಷಿನಲ್ಲಿ ಕೇಳಿದ. ಹಳದಿ-ಕೆಂಪು ಅವರ ವೈರಿ ಕ್ಲಬ್ಬಿನ ಬಣ್ಣವಂತೆ.

“ನಮ್ಮ ಕನ್ನಡ ಬಾವುಟದ್ದು ಸರ್” ಎಂದೆ. ಸರ್ ತಾನಾಗಿಯೇ ಬಂತು.

“ಈ ಹಕ್ಕಿ?”

“ಎರಡು ತಲೆ ಸರ್. ಮೈಸೂರಿನದು.”

ಹಕ್ಕಿ ಅವನಿಗೆ ಹಿಡಿಸಿದಂತಿತ್ತು, ತಲೆದೂಗಿದ. ಆಮೇಲೆ ಕೆಳಗಿನ ಕಮಾನಿನ ಮೇಲೆ ಬೆರಳಿಟ್ಟ. ಅಲ್ಲಿ ರಾಜ್ಯದ ಹೆಸರು ಹಾಕಿಕೊಂಡರೆ ಈ ರಾಜ್ಯ ನನ್ನದು ಎಂದು ಸಾರಿದಂತೆ. ಆ ಹಕ್ಕು ಇಲ್ಲಿ ಒಂದೇ ಕ್ಲಬ್ಬಿಗೆ, ಅದು ತಮ್ಮದು ಎಂದು ಮಗುವಿಗೆ ಹೇಳುವಂತೆ ಮೆಲ್ಲಗೆ ಬಿಡಿಸಿ ಹೇಳಿದ. “ನೀನು ತೆಗೀತೀಯೋ, ನಾವು ತೆಗೀಬೇಕೋ?”

ನನ್ನ ಕೈ ಆಗಲೇ ಗುಂಡಿ ಬಿಚ್ಚುತ್ತಿತ್ತು. ಕಲಿ ಕೋಟು ಕಳಚಿ ಎರಡೂ ಕೈಯಿಂದ ಒಪ್ಪಿಸಿದ. ಒಬ್ಬ ಚಾಕು ತೆಗೆದ.

ಅಷ್ಟರಲ್ಲಿ ಹೆಂಡತಿ ಕಾರಿನಿಂದಿಳಿದು ಬಂದಳು. ಸಂಗತಿ ಹೇಳಿದೆ. “ಚಾಕು ಬೇಡ ಅನ್ರೀ, ಬಟ್ಟೆ ಹರಿದೋಗತ್ತೆ. ನಾನೇ ಬಿಚ್ಚಿ ಕೊಡ್ತೀನಿ” ಎಂದು ಚಾಕುವಿನವನ ಕೈಯಿಂದ ಕೋಟನ್ನು ಕಸಿದುಕೊಂಡಳು. ಕಾರಿನ ಮೇಲೆ ಹರಡಿ, ಸೆರಗಿನ ಪಿನ್ನಿನಿಂದ ಒಂದೊಂದೇ ಹೊಲಿಗೆ ಎಬ್ಬಿಸತೊಡಗಿದಳು. ಅದು ಬೇಗ ಬರುವಂಥದ್ದಲ್ಲ. ರಾಜ್ಯದ ಒಡೆಯರು ನಾಲ್ವರೂ ಕೈಕಟ್ಟಿಕೊಂಡು ಕಾದರು. ನಾನು ಬರೀ ಅಂಗಿಯಲ್ಲಿ ಗಡಗಡ ನಡುಗುತ್ತ ನಿಂತಿದ್ದೆ; ಪುಣ್ಯಕ್ಕೆ ಚಳಿಯೂ ಇತ್ತು. ಕೊನೆಗೆ ಅವಳು ‘ನ್ಯೂಜೆರ್ಸಿ’ ಪ್ಯಾಚನ್ನು ಮಡಿಸಿ ದೊಡ್ಡವನ ಕೈಗೆ ಕೊಟ್ಟಳು. ಅವನು “ಥ್ಯಾಂಕ್ ಯೂ, ಮ್ಯಾಮ್” ಎಂದ. ನಾಲ್ವರೂ ಹೊರಟುಹೋದರು.

ಅವಳ ಕಣ್ಣು ತುಂಬಿತ್ತು. ನಗಿಸೋಣವೆಂದು, “ಆ ಜಾಗಕ್ಕೆ ಕರ್ನಾಟಕ ಅಂತ ಹೊಲಿದುಬಿಡು. ಅದನ್ನ ಯಾರೂ ನಮ್ಮನ್ನ ಕೇಳಲ್ಲ” ಎಂದೆ.

“ಯಾಕೆ, ಬಿಟ್ಟುಬಂದೋರನ್ನ ಅಲ್ಲಿ ಇರೋರು ಕೇಳಲ್ವಾ?” ಎಂದಳು.

ಬೈಕಿನವರ ಮುಂದೆ ಆಗದ ನಾಚಿಕೆ ಆಗ ಆಯಿತು. ಅವಳು ಸೊಟ್ಟಗಾದ ಪಿನ್ನನ್ನೇ ಸೆರಗಿಗೆ ಚುಚ್ಚಿಕೊಂಡು ಕಾರು ಹತ್ತಿದಳು.