ಅವರೆಕಾಳು ಹಿದುಕುತ್ತಾ ಕೇಳಿದ ಪ್ರಶ್ನೆ

ತಟ್ಟೆಯಲ್ಲಿ ಊಟ ಉಳಿದಿದ್ದರೆ ಅಡುಗೆಯವಳಿಗೆ ಮೊದಲು ಬರುವ ಅನುಮಾನ ಉಪ್ಪಿನದು. ಕೊರೋನಾ ಬಂದ ವರ್ಷ, ಮುಚ್ಚಿದ್ದ ಕಾರ್ಖಾನೆ ಮತ್ತೆ ತೆರೆದ ಮೇಲೆ, ನಾನು ಒಂದು ವಾರ ಉಪ್ಪನ್ನು ಅನುಮಾನಿಸಿದೆ. ಆಮೇಲೆ ಹುಳಿಪುಡಿಯನ್ನು. ಅದೂ ಅಲ್ಲವೆಂದಾಗ ಹೊಸದಾಗಿ ತಂದ ಹುಣಸೆಹಣ್ಣನ್ನು.

ಮಕ್ಕಳೇ, ಆಗ ನೀವು ಮನೆಯಲ್ಲಿ ಮೊಬೈಲ್ ಹಿಡಿದು ಪಾಠ ಕೇಳುತ್ತಿದ್ದಿರಿ. ನಾನು ಹೆಬ್ಬಾಳದಲ್ಲಿ, ಗಾಡಿಗಳಿಗೆ ತಗಡಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿದ್ದೆ. ನಿಮ್ಮ ತಾತ ಕೆಲಸ ಮಾಡಿದ ಜಾಗ ಅದು. ಅವರು ಹೋದ ಮೇಲೆ ನನಗೆ ಅಡುಗೆಮನೆಯಲ್ಲಿ ಕೆಲಸ ಕೊಟ್ಟಿದ್ದರು. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಓದಿದವಳು, ಹತ್ತು ಜನರ ಮುಂದೆ ಬಾಯಿ ಬಿಟ್ಟವಳಲ್ಲ. ಬಡಿಸುವ ಕಿಟಕಿಯ ಹಿಂದೆ ನಿಂತು ತಟ್ಟೆ ಹಿಡಿದ ಕೈಗಳನ್ನಷ್ಟೇ ನೋಡುತ್ತಿದ್ದೆ. ಎಲ್ಲರ ಮುಖಕ್ಕೂ ಮಾಸ್ಕ್ ಬಂದ ಮೇಲಂತೂ ಕೈ ನೋಡಿಯೇ ಇವರು ಯಾರೆಂದು ಹೇಳಬಲ್ಲವಳಾಗಿದ್ದೆ.

ಊಟ ಬಿಡುತ್ತಿದ್ದವರು ಒಬ್ಬರೇ ಎಂದು ಗೊತ್ತಾಗಿದ್ದು ಹಾಗೆಯೇ. ಅವರು ಪ್ರೆಸ್ ಯಂತ್ರ ನಡೆಸುವವರು, ನಂಜನಗೂಡು ಕಡೆಯವರು. ಪ್ರೆಸ್ ಎಂದರೆ, ಕೆಳಗೆ ತಗಡು ಇಟ್ಟು ಕೈ ತೆಗೆಯುವಷ್ಟರಲ್ಲಿ ಮೇಲಿನಿಂದ ಭಾರವಾದ ಅಚ್ಚು ಇಳಿದು ಅದಕ್ಕೆ ಆಕಾರ ಕೊಡುತ್ತದೆ. ಕೈ ತೆಗೆಯುವುದು ಒಂದು ಗಳಿಗೆ ತಡವಾದರೆ ಬೆರಳು ಹೋಗುತ್ತದೆ. ಹಾಗೆ ಎರಡು ಬೆರಳು ಕಳೆದುಕೊಂಡ ಒಬ್ಬರು ನಮ್ಮ ಗೇಟಿನಲ್ಲೇ ಕಾವಲಿಗಿದ್ದರು. ಈ ಪ್ರೆಸ್ಸಿನವರ ತಂದೆ ಕೊರೋನಾದಲ್ಲೇ ತೀರಿಕೊಂಡು ಎರಡು ತಿಂಗಳಾಗಿತ್ತು. ಮುದ್ದೆಯನ್ನು ಮುರಿಯುತ್ತಿದ್ದರು, ಸಾರಿನಲ್ಲಿ ಅದ್ದುತ್ತಿದ್ದರು, ಹಾಗೇ ಬಿಟ್ಟು ಏಳುತ್ತಿದ್ದರು.

ಆ ಹೊತ್ತಿಗೆ ಕಾರ್ಖಾನೆಯವರು ಯಾದವಗಿರಿಯಿಂದ ಒಬ್ಬ ಕೌನ್ಸೆಲರ್ ಮೇಡಂ ಅವರನ್ನು ಗೊತ್ತು ಮಾಡಿದ್ದರು. ಸೋಮವಾರ, ಗುರುವಾರ ಬಂದು ಕೂರುತ್ತಾರೆ, ಮನಸ್ಸಿಗೆ ಕಷ್ಟ ಇದ್ದವರು ಹೋಗಿ ಮಾತಾಡಬಹುದು ಎಂದು ನೋಟೀಸು ಹಾಕಿದ್ದರು. ಮಾತಾಡುವುದಕ್ಕೂ ಒಬ್ಬರನ್ನು ಕೆಲಸಕ್ಕೆ ಇಡುತ್ತಾರಾ ಎಂದು ನನಗೆ ಬಲು ಕುತೂಹಲ. ಟೀ ಕೊಡುವ ನೆಪದಲ್ಲಿ ಹೋಗಿ ನೋಡಿದರೆ ಕೋಣೆಯಲ್ಲಿ ಅವರೊಬ್ಬರೇ.

"ಮೂರು ವಾರ ಆಯ್ತು, ಒಬ್ರೂ ಬಂದಿಲ್ಲ. ಇಲ್ಲಿ ಎಲ್ಲರೂ ಅಷ್ಟು ಚೆನ್ನಾಗಿದಾರಾ ಅಮ್ಮ?" ಎಂದರು.

ನನಗೆ ಧೈರ್ಯ ಎಲ್ಲಿಂದ ಬಂತೋ. "ಇದು ಮೆಮೊ ಕೊಡೋ ರೂಮು ಮೇಡಂ. ಈ ಬಾಗಿಲು ದಾಟಿದೋರ್ನ ಕಂಡ್ರೆ, ಏನೋ ತಪ್ಪು ಮಾಡವ್ನೆ, ಕೆಲ್ಸ ಹೋಯ್ತು ಅಂತ ಸಂಜೆ ಬಸ್ಸಲ್ಲೆಲ್ಲ ಮಾತಾಡ್ತಾರೆ" ಎಂದೆ.

ಅವರು ಹಣೆ ಚಚ್ಚಿಕೊಂಡು ನಕ್ಕರು. "ಇದನ್ನ ನಂಗೆ ಯಾರೂ ಹೇಳ್ಲೇ ಇಲ್ವಲ್ಲ! ಮತ್ತೆ ನಾನು ಎಲ್ಲಿ ಕೂತ್ಕೊಳ್ಲಿ, ಹೇಳಿ?"

"ನಮ್ಮಲ್ಲಿ ಕಾಳು ಹಿದುಕಕ್ಕೆ ಕೈ ಸಾಲ್ತಿಲ್ಲ" ಎಂದುಬಿಟ್ಟೆ.

ಅವರೆಕಾಯಿಯ ಕಾಲ ಅದು. ರಾತ್ರಿ ನೆನೆಸಿದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲುಳಿಯುತ್ತದೆ. ಇನ್ನೂರು ಜನರ ಸಾರಿಗೆ ಎಷ್ಟು ಕಾಳು ಬೇಕು, ನೀವೇ ಯೋಚಿಸಿ. ಮೇಡಂ ಮುಂದಿನ ಸೋಮವಾರ ಕ್ಯಾಂಟೀನಿನ ಹಿಂದಿನ ಜಗಲಿಗೆ ಬಂದರು. ದೂರ ದೂರ ಕುರ್ಚಿ ಹಾಕಿ, ಕೈ ತೊಳೆಸಿ, ಒಬ್ಬೊಬ್ಬರಿಗೆ ಒಂದೊಂದು ಬೇಸಿನ್ ಕೊಟ್ಟೆ. ಶಿಫ್ಟಿಗೆ ಬೇಗ ಬಂದವರು, ಬಸ್ಸಿಗೆ ಕಾಯುವವರು ಸುಮ್ಮನೆ ನಿಲ್ಲುವ ಬದಲು ಕೂತರು.

"ಏನ್ ಮೇಡಂ, ಅಷ್ಟೊಂದು ಓದಿ ಇಲ್ಲಿ ಕಾಳು ಹಿದುಕ್ತಾ ಕೂತಿದ್ದೀರಲ್ಲ. ನಮ್ ಪಾಡೇ ವಾಸಿ ಬುಡಿ" ಎಂದು ಲೇತ್ ನಡೆಸುವವರೊಬ್ಬರು ಕಿಚಾಯಿಸಿದರು.

"ನಮ್ಮಜ್ಜಿ ಹಿದುಕೋರು, ನಾನು ತಿನ್ನೋಳು. ಈಗ ಅದರ ಲೆಕ್ಕ ತೀರಿಸ್ತಿದೀನಿ. ನಿಮ್ಮ ಬೇಸಿನ್ ನೋಡ್ಕೊಳ್ರೀ, ಬೇಳೆಗಿಂತ ಸಿಪ್ಪೇನೇ ಜಾಸ್ತಿ ಇದೆ!"

ಹಿದುಕುವಾಗ ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ. ಕಣ್ಣು ಬೇಸಿನ್ನಿನಲ್ಲಿರುತ್ತದೆ. ಅದಕ್ಕೇ ಇರಬೇಕು, ಎರಡನೇ ವಾರದ ಗುರುವಾರ ಪ್ರೆಸ್ಸಿನವರೂ ಬಂದು ಕೂತರು. ಜಗಲಿಯಲ್ಲಿ ನಾವು ಮೂವರೇ ಇದ್ದೆವು. ಬಹಳ ಹೊತ್ತು ಹಿದುಕಿದ ಮೇಲೆ, ಯಾರಿಗೂ ಅಲ್ಲ ಎಂಬಂತೆ ಹೇಳಿದರು: "ಅಪ್ಪಂಗೆ ಕಾಯ್ಲೆ ನಾನೇ ಇಲ್ಲಿಂದ ತಕೊಂಡೋಗಿ ಕೊಟ್ಟೆ ಅನ್ಸುತ್ತೆ."

'ಅಂಗೆಲ್ಲ ಅನ್ಕೋಬೇಡಿ ಕಣಪ್ಪ' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಮ್ಮಲ್ಲಿ ಎಲ್ಲರೂ ಹೇಳುವ ಮಾತು. ಮೇಡಂ ಅದನ್ನು ಹೇಳಲಿಲ್ಲ. ಕಾಳು ಹಿದುಕುತ್ತಲೇ, "ಯಾವ ಹೊತ್ತಲ್ಲಿ ಹಂಗೆ ಅನ್ಸುತ್ತೆ?" ಎಂದು ಕೇಳಿದರು.

ಎಂಥ ಪ್ರಶ್ನೆ ಇದು ಎಂದು ನಾನು ಕೈ ನಿಲ್ಲಿಸಿದೆ. ನಿಮ್ಮ ತಾತ ಹೋದಾಗ ಊರಿಗೆ ಊರೇ ಬಂದು ಸಮಾಧಾನ ಹೇಳಿತ್ತು. ಯಾವ ಹೊತ್ತಿನಲ್ಲಿ ಸಂಕಟವಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ, ಬೆಳಿಗ್ಗೆ ಅರಿಯದೆ ಎರಡು ಲೋಟ ಕಾಫಿ ಬಗ್ಗಿಸಿಬಿಟ್ಟಾಗ ಎಂದು ಹೇಳುತ್ತಿದ್ದೆನೇನೋ.

ಪ್ರೆಸ್ಸಿನವರು ಯೋಚಿಸಿದರು. "ಪ್ರೆಸ್ಸು ಮ್ಯಾಲಿಂದ ಇಳಿಯೋವಾಗ" ಎಂದರು. "ತಗಡು ಇಡ್ತೀನಿ, ಅಪ್ಪನ ಮುಖ ಬಂದ್ಬುಡ್ತದೆ. ಕೈ ತೆಗುದ್ನೋ ಇಲ್ವೋ ಅನ್ನೋದೇ ಗೊತ್ತಾಗಕ್ಕಿಲ್ಲ."

ಮೇಡಂ ಬೇಸಿನ್ ಕೆಳಗಿಟ್ಟು, ಅವರನ್ನು ಸೈಕಲ್ ಸ್ಟ್ಯಾಂಡಿನ ಕಡೆ ಕರೆದುಕೊಂಡು ಹೋದರು. ಅರ್ಧ ಗಂಟೆ ಮಾತಾಡಿದರು. ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ವಾಪಸ್ ಬಂದ ಮೇಡಂ, "ನೀವು ಕೇಳಿಸ್ಕೊಂಡಿದ್ದು ನಿಮ್ಮಲ್ಲೇ ಇರ್ಲಿ ಅಮ್ಮ" ಎಂದರು.

"ಸೂಪರ್‌ವೈಸರ್‌ಗೆ ಒಂದು ಮಾತು ಹೇಳ್ಬುಡಬಾರ್ದಾ ಮೇಡಂ? ಕೈಯಿ ಹೋದ್ರೆ?"

"ಅವರೇ ಹೇಳ್ಬೇಕು, ಆಗ ಅದು ಅವರ ಮಾತಾಗುತ್ತೆ. ನಾಳೆ ಸಂಜೆಯೊಳಗೆ ಹೇಳ್ದೇ ಇದ್ರೆ ನಾನೇ ಫೋನ್ ಮಾಡ್ತೀನಿ. ಅದನ್ನೂ ಅವರಿಗೆ ಹೇಳಿದೀನಿ. ಇವತ್ತು ರಜಾ ಹಾಕಿ ಮನೆಗೆ ಹೋಗ್ತಿದಾರೆ."

ಪ್ರೆಸ್ಸಿನವರಿಗಿದ್ದ ಭಯ ನನಗೂ ಗೊತ್ತಿತ್ತು. ಕಾರ್ಖಾನೆ ತೆರೆದ ಮೇಲೆ ಎಷ್ಟೋ ಜನರನ್ನು ವಾಪಸ್ ಕರೆದಿರಲಿಲ್ಲ. ತಲೆ ಸರಿಯಿಲ್ಲ ಎಂದವರನ್ನು ಯಾರು ಇಟ್ಟುಕೊಳ್ಳುತ್ತಾರೆ?

ಶುಕ್ರವಾರ ಅವರು ಕೆಲಸಕ್ಕೆ ಬಂದರು. ಬೆಳಿಗ್ಗೆಯಿಂದ ಯಂತ್ರದ ಪ್ರತಿ ಏಟಿಗೂ ನಾನು ಸೌಟು ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದೆ. ಮಧ್ಯಾಹ್ನದ ಟೀ ಗಾಡಿ ತಳ್ಳಿಕೊಂಡು ನಾನು ಪ್ರೆಸ್ಸಿನ ಸಾಲಿಗೆ ಬರುವುದಕ್ಕೂ, ಅವರು ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸುವುದಕ್ಕೂ ಸರಿಹೋಯಿತು.

"ಸಾರ್, ಒಸಿ ಬನ್ನಿ ಇಲ್ಲಿ."

ಸೂಪರ್‌ವೈಸರ್ ಬಂದರು. "ಏನ್ರೀ, ಅಚ್ಚು ಸರಿಯಾಗಿ ಕೂರ್ತಿಲ್ವಾ?"

"ಅಚ್ಚು ಸರಿಯಾಗೈತೆ ಸಾರ್. ನಾನೇ ಸರಿಯಿಲ್ಲ."

"ಜ್ವರಾನಾ?" ಎಂದು ಅವರು ಎರಡು ಹೆಜ್ಜೆ ಹಿಂದೆ ಹೋದರು.

"ಜ್ವರ ಇಲ್ಲ. ನಿದ್ದೆ ಇಲ್ಲ. ಮನಸು ಇಲ್ಲಿ ಇರಕ್ಕಿಲ್ಲ. ಹಿಂಗೇ ಮಾಡ್ತಿದ್ರೆ ಪ್ರೆಸ್ಸಿಗೆ ಕೈ ಕೊಟ್ಬುಡ್ತೀನಿ ಅಂತ ಭಯ ಆಯ್ತದೆ."

ಪಕ್ಕದ ಯಂತ್ರಗಳೂ ಒಂದೊಂದಾಗಿ ನಿಂತವು. ಸೂಪರ್‌ವೈಸರ್ ಕೈಯಲ್ಲಿ ರಜೆ ಚೀಟಿಗಳ ಪುಸ್ತಕವಿತ್ತು. ಜ್ವರಕ್ಕೆ ಒಂದು ಚೀಟಿ, ಪೆಟ್ಟಾದರೆ ಇನ್ನೊಂದು. ಇದಕ್ಕೆ ಯಾವುದು? ಅವರು ಪುಟ ತಿರುವಿದರು, ಮತ್ತೆ ತಿರುವಿದರು, ನನಗೆ ಗೊತ್ತಿರಬಹುದು ಎಂಬಂತೆ ನನ್ನ ಕಡೆ ನೋಡಿದರು. ನಾನು ಪ್ರೆಸ್ಸಿನವರಿಗೆ ಟೀ ಬಗ್ಗಿಸಿದೆ. ಅದೊಂದೇ ನನಗೆ ತೋಚಿದ್ದು.

"ಸೋಮವಾರ ಮೇಡಂ ಬರ್ತಾರಲ್ಲ, ಕೂತು ಮಾತಾಡೋಣ" ಎಂದರು ಕೊನೆಗೆ. "ಅಲ್ಲೀತಂಕ ಪ್ಯಾಕಿಂಗ್ ಕಡೆ ಹೋಗ್ರಿ. ಕೆಲ್ಸ ಎಲ್ಲೂ ಹೋಗಲ್ಲ."

"ಪ್ಯಾಕಿಂಗ್ ಹೆಂಗಸರ ಕೆಲ್ಸ ಅಲ್ವೇನ್ಲಾ" ಎಂದು ಹಿಂದಿನಿಂದ ಒಬ್ಬ ನಕ್ಕ. ಪ್ಯಾಕಿಂಗಿನ ಹುಡುಗಿ ಬಿಡಲಿಲ್ಲ. "ಬನ್ನಿ ಅಣ್ಣ. ಟೇಪ್ ನೆಟ್ಟಗೆ ಅಂಟಿಸೋದು ಕಲಿಯಕ್ಕೆ ನಿಮಗೆ ಒಂದ್ ವಾರ ಬೇಕು. ಅವ್ರಿಗಾದ್ರೆ ಒಂದ್ ವರ್ಷ!"

ಪ್ರೆಸ್ಸಿನವರು ಬೇಸಿಗೆಯವರೆಗೂ ಪ್ಯಾಕಿಂಗಿನಲ್ಲಿದ್ದರು. ಡಾಕ್ಟರಿಗೂ ತೋರಿಸಿಕೊಂಡರು. ಆಮೇಲೆ ತಾವಾಗಿಯೇ ಕೇಳಿಕೊಂಡು ಯಂತ್ರಕ್ಕೆ ಮರಳಿದರು.

ಆದರೆ ಆ ಶುಕ್ರವಾರದ ಒಂದು ಮಾತು ಉಳಿದಿದೆ. ಎಲ್ಲರೂ ಕೆಲಸಕ್ಕೆ ತಿರುಗಿದ ಮೇಲೆ ಸೂಪರ್‌ವೈಸರ್ ಟೀ ತೆಗೆದುಕೊಳ್ಳಲು ಗಾಡಿಯ ಹತ್ತಿರ ಬಂದರು. ಲೋಟ ಹಿಡಿದುಕೊಂಡು ಅಲ್ಲೇ ನಿಂತರು.

"ಅಮ್ಮ, ಎಷ್ಟು ದಿನ ನಿದ್ದೆ ಬರ್ದೇ ಇದ್ರೆ ಮೇಡಂ ಹತ್ರ ಹೇಳ್ಬೇಕಂತೆ?" ಎಂದು ಮೆಲ್ಲಗೆ ಕೇಳಿದರು.

ಯಾರ ನಿದ್ದೆ ಎಂದು ನಾನು ಕೇಳಲಿಲ್ಲ. "ಸೋಮವಾರ ಒಸಿ ಬೇಗ ಬನ್ನಿ ಸಾರ್, ನಿಮ್ಗೂ ಒಂದು ಬೇಸಿನ್ ಇಟ್ಟಿರ್ತೀನಿ" ಎಂದೆ.