ಹಾರೆ ಹಿಡಿಸಿದ ನರ್ಸಮ್ಮ

ಕಾಪುವಿನಲ್ಲಿ ಲಿಡ್ವಿನ್ ಮಥಾಯಸ್ ಎಂದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಡಾಕ್ಟರ ಶಾಪಿನ ನರ್ಸಮ್ಮ ಎಂದರೆ ಮಾತ್ರ ಬಸ್ಸಿನ ಕಂಡಕ್ಟರನೂ ಇಳಿದು ದಾರಿ ತೋರಿಸುತ್ತಿದ್ದ. ಮನೆ ಇನ್ನಂಜೆಯಲ್ಲಿ, ತಮ್ಮ ಡೊಮಿನಿಕನ ಜೊತೆ. ಮದುವೆಯಾಗಿರಲಿಲ್ಲ. ಮಂಗಳೂರಿನಲ್ಲಿ ದಾದಿಯ ಕೆಲಸ ಕಲಿತು, ಯುದ್ಧದ ವರ್ಷಗಳಲ್ಲಿ ಅಸ್ಸಾಮಿಗೆ ಹೋಗಿ, ಬರ್ಮಾದಿಂದ ಕಾಡು ಹಾದು ನಡೆದು ಬಂದ ನಿರಾಶ್ರಿತರ ಶಿಬಿರದಲ್ಲಿ ದುಡಿದು ಬಂದಿದ್ದಳು. ಅಲ್ಲಿ ಏನೇನು ಕಂಡಳೆಂದು ಮನೆಯವರು ಕೇಳಿದ್ದುಂಟು. "ಕೆಸರು, ಮತ್ತೆ ಜನ" ಎನ್ನುತ್ತಿದ್ದಳು, ಅಷ್ಟೆ.

ಐವತ್ತೆಂಟರ ಬೇಸಿಗೆಯಲ್ಲಿ ಕಡಲ ಬದಿಯ ಒಂದು ಕೇರಿಗೆ ಬೆಂಕಿ ಬಿದ್ದು ಮೂವತ್ತು ಹುಲ್ಲಿನ ಮನೆಗಳು ಸುಟ್ಟುಹೋದವು. ಉಡುಪಿಯ ಒಂದು ಸೇವಾ ಸಮಿತಿಯವರು ಮರುದಿನವೇ ಲಾರಿ ತುಂಬ ಅಕ್ಕಿ, ಚಾಪೆ, ಸೀರೆ ತಂದು ಹಂಚಿದರು. ಒಳ್ಳೆಯ ಜನ, ಒಳ್ಳೆಯ ಮನಸ್ಸಿನಿಂದಲೇ ತಂದವರು. ಹಂಚಿ ಹೋದ ಐದನೆಯ ದಿನ ಕೇರಿಯಲ್ಲಿ ವಾಂತಿಭೇದಿ ಸುರುವಾಯಿತು. ಇದ್ದ ಒಂದೇ ಬಾವಿಗೆ ನೂರೈವತ್ತು ಜನ, ಅದರ ಬದಿಯಲ್ಲೇ ಮಕ್ಕಳ ಹೊರಕಡೆ. ಏಳು ಹೆಣ ಬಿತ್ತು.

ಏಳನೆಯದರ ಕಣ್ಣು ಮುಚ್ಚಿಸಿ ಬಂದ ಮೇಲೆ ಲಿಡ್ವಿನ್ ಮನೆಗೆ ಹೋಗಲಿಲ್ಲ. ಸೀದಾ ಬಸ್ಸು ಹತ್ತಿ ಉಡುಪಿಯ ಸಮಿತಿಯ ಕೋಣೆಗೆ ಹೋದಳು. ಕಾರ್ಯದರ್ಶಿ ಭುಜಂಗ ಮಾಷ್ಟ್ರು ಪತ್ರ ಬರೆಯುತ್ತಿದ್ದರು. ಕಾಪುವಿನ ಶಾಲೆಯ ಅಧ್ಯಾಪಕರು ಅವರು, ಶುಭ್ರ ಪಂಚೆಯ, ಮೆತ್ತಗಿನ ಮಾತಿನ ಮನುಷ್ಯ.

"ಮಾಷ್ಟ್ರೇ, ನೀವು ಅಕ್ಕಿ ಕೊಟ್ಟಿರಿ. ಕುಡಿಯುವ ನೀರು ಎಲ್ಲಿಂದ ತರುತ್ತಾರೆ ಎಂದು ನೋಡಿದ್ದೀರಾ?"

ಮಾಷ್ಟ್ರು ಪೆನ್ನು ಕೆಳಗಿಟ್ಟರು. ನೋಡಿರಲಿಲ್ಲ. ಅವಳು ಏಳು ಹೆಸರುಗಳನ್ನೂ ಒಂದೊಂದಾಗಿ ಹೇಳಿದಳು.

"ನಮಗೆ ಯಾರೂ ಕಲಿಸಿದ್ದಿಲ್ಲ, ನರ್ಸಮ್ಮ" ಎಂದರು ಮಾಷ್ಟ್ರು. "ನಿಮಗೆ ಗೊತ್ತುಂಟಲ್ಲ, ನೀವೇ ಕಲಿಸಿ."

ಹಾಗೆ ಸುರುವಾಯಿತು ಅವಳ ತರಗತಿ. ಪ್ರತಿ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ, ಕಾಪುವಿನ ಶಾಲೆಯ ಅಂಗಳಕ್ಕೆ. ಮೊದಲ ವಾರ ಹದಿನಾಲ್ಕು ಗಂಡಸರು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಬರೆದುಕೊಳ್ಳಲಿಕ್ಕೆ ಪುಸ್ತಕ ಹಿಡಿದುಕೊಂಡು ಬಂದರು.

"ಇನ್ನೂರು ಜನ ಮನೆ ಬಿಟ್ಟು ಒಂದು ಕಡೆ ಬಂದು ಸೇರಿದ್ದಾರೆ. ಅವರಿಗೆ ಮೊದಲು ಬೇಕಾದ್ದು ಎಂತ?" ಎಂದು ಲಿಡ್ವಿನ್ ಕೇಳಿದಳು.

ಒಬ್ಬರು ಅಕ್ಕಿ ಎಂದರು, ಒಬ್ಬರು ಕಂಬಳಿ ಎಂದರು. ಟೈಲರ್ ಬೆಂಜಮಿನ್ ಔಷಧ ಎಂದ.

"ಕಕ್ಕಸು" ಎಂದಳು ಅವಳು. ಗೋಡೆಗೆ ಒರಗಿಸಿಟ್ಟಿದ್ದ ಹಾರೆ ಪಿಕ್ಕಾಸುಗಳನ್ನು ತೋರಿಸಿ, "ಬಾವಿಯಿಂದ ಐವತ್ತು ಹೆಜ್ಜೆ ದೂರ, ಬಾವಿಗಿಂತ ತಗ್ಗಿನಲ್ಲಿ. ನಾಲ್ಕು ಅಡಿ ಆಳ. ಏಳಿ."

ಯಾರೂ ಏಳಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮತ್ತೊಬ್ಬರು, ಇದು ಯಾವ ಜಾತಿಯವರ ಕೆಲಸವೆಂದು ಬಾಯಿಬಿಟ್ಟೇ ಹೇಳಿ ಎದ್ದು ಹೋದರು. ಅವರ ಹಿಂದೆ ಇನ್ನೂ ಎಂಟು ಜನ. ಉಳಿದವರು ಐವರು. ಅವರಲ್ಲಿ ಭುಜಂಗ ಮಾಷ್ಟ್ರೂ ಒಬ್ಬರು, ಕಾರ್ಯದರ್ಶಿಯೇ ಎದ್ದು ಹೋಗುವುದು ಹೇಗೆಂಬ ಮುಜುಗರಕ್ಕೆ. ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಒಂದು ಹಾರೆ ತೆಗೆದುಕೊಂಡರು. ನಾಲ್ಕು ಸಲ ಎತ್ತಿ ಹಾಕುವುದರೊಳಗೆ ಅಂಗೈಯಲ್ಲಿ ಬೊಬ್ಬೆ ಎದ್ದಿತು.

ಆಗ ಕಂಪೌಂಡಿನ ಆಚೆಯಿಂದ ಹೆಂಗಸೊಬ್ಬಳು ಗಟ್ಟಿಯಾಗಿ ನಕ್ಕದ್ದು ಕೇಳಿಸಿತು. ಮೀನು ಮಾರುವ ಸುಗಂಧಿ. ಗಂಡನನ್ನು ಕಡಲು ನುಂಗಿ ಆರು ವರ್ಷವಾಗಿತ್ತು. ಅಂದಿನಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆ ತಿರುಗುವವಳು.

"ಅಯ್ಯೋ ಬಾಯಮ್ಮ, ಈ ಮಾಷ್ಟ್ರು ಹಾರೆಯನ್ನು ಚಮಚದ ಹಾಗೆ ಹಿಡಿದಿದ್ದಾರಲ್ಲ! ಇವರು ತೋಡಿ ಮುಗಿಸುವಾಗ ಇನ್ನೂರು ಜನರ ಹೊಟ್ಟೆ ತನ್ನಷ್ಟಕ್ಕೆ ಸರಿಯಾಗಿರುತ್ತದೆ."

"ಹಾಗಾದರೆ ನೀನೇ ಬಂದು ತೋರಿಸು" ಎಂದಳು ಲಿಡ್ವಿನ್.

ಸುಗಂಧಿ ಬುಟ್ಟಿ ಇಳಿಸಿ ಒಳಗೆ ಬಂದಳು, ಸೆರಗು ಸಿಕ್ಕಿಸಿದಳು, ತೋರಿಸಿದಳು. ಮುಂದಿನ ಭಾನುವಾರ ಕರೆಯದೆಯೇ ಬಂದಳು. ಓದು ಬರಹ ಬಾರದು. ಆದರೆ ಒಮ್ಮೆ ಹೇಳಿದ್ದನ್ನು ಮರೆಯುತ್ತಿರಲಿಲ್ಲ. ನೂರು ಮನೆಗಳಲ್ಲಿ ಯಾರ ಮನೆಗೆ ಯಾವ ಮೀನು ಎಂದು ತಲೆಯಲ್ಲೇ ಇಟ್ಟುಕೊಂಡವಳಿಗೆ, ಒಂದು ಕೊಡಪಾನಕ್ಕೆ ಎಷ್ಟು ಬ್ಲೀಚಿಂಗ್ ಪೌಡರ್, ಒಬ್ಬರಿಗೆ ದಿನಕ್ಕೆ ಎಷ್ಟು ನೀರು ಎಂಬುದು ಒಂದು ಲೆಕ್ಕವೇ?

ಲಿಡ್ವಿನ್ ಪಾಠ ಮಾಡುತ್ತಿದ್ದದ್ದು ಹೀಗೆ, ಮೈಗೆ ತಾಗುವ ಹಾಗೆ. ಒಂದು ಭಾನುವಾರ ಎಲ್ಲರ ಕೈಗೂ ಖಾಲಿ ಬಟ್ಟಲು ಕೊಟ್ಟು ಬಿಸಿಲಿನಲ್ಲಿ ಸಾಲು ನಿಲ್ಲಿಸಿದಳು. ಬಾಗಿಲ ಬಳಿ ಮೇಜು ಹಾಕಿ ತಾನು ಅಧಿಕಾರಿಯ ಹಾಗೆ ಕೂತಳು. ಒಂದು ಗಂಟೆಯಾಯಿತು. ಅವಳು ಕಾಗದ ತಿರುವಿದಳು, ಚಹಾ ಕುಡಿದಳು, ತಲೆ ಎತ್ತಲಿಲ್ಲ. ಭುಜಂಗ ಮಾಷ್ಟ್ರ ಸರದಿ ಬಂದಾಗ, "ನಿಮ್ಮ ಹೆಸರು ಪಟ್ಟಿಯಲ್ಲಿ ಇಲ್ಲ. ನಾಳೆ ಬನ್ನಿ" ಎಂದಳು.

"ಎಂತ ತಮಾಷೆ ಇದು? ನನ್ನನ್ನು ಯಾರೆಂದು ತಿಳಿದಿದ್ದೀರಿ?" ಮಾಷ್ಟ್ರು ಬಟ್ಟಲನ್ನು ಮೇಜಿಗೆ ಕುಕ್ಕಿದರು.

ಲಿಡ್ವಿನ್ ಎದ್ದು ನಿಂತು ಕೈಮುಗಿದಳು. "ಕ್ಷಮಿಸಿ, ಮಾಷ್ಟ್ರೇ. ಮನೆ ಕಳಕೊಂಡವನಿಗೆ ದಿನಾ ಹೀಗೆ ಆಗುತ್ತದೆ. ಅವನು ಬಟ್ಟಲು ಕುಕ್ಕಿದರೆ ನಾವು ಅವನಿಗೆ ಕೊಬ್ಬು ಎನ್ನುತ್ತೇವೆ. ಇವತ್ತಿನ ಪಾಠ ಇಷ್ಟೇ."

ಆ ದಿನದಿಂದ ತರಗತಿಯ ಬಗ್ಗೆ ಮಾಷ್ಟ್ರಿಗಿದ್ದ ಮುಜುಗರ ಹೋಯಿತು. ಎದ್ದು ಹೋದವರ ಮನೆಗೆ ತಾವೇ ಹೋಗಿ ಮೂವರನ್ನು ಮರಳಿ ಕರೆತಂದರು.

ಎರಡು ವರ್ಷ ಕಳೆದು ಆಟಿ ತಿಂಗಳ ಮಳೆ ಹನ್ನೊಂದು ದಿನ ಬಿಡದೆ ಹೊಡೆಯಿತು. ಅಳಿವೆಯ ಬಾಯಿಗೆ ಮರಳು ತುಂಬಿ, ಹೊಳೆಯ ನೀರು ಕಡಲಿಗೆ ಇಳಿಯಲಾರದೆ ಹಿಂದಕ್ಕೆ ತಿರುಗಿತು. ಹೊಳೆ ಬದಿಯ ಮನೆಗಳಿಗೆ ಸೊಂಟದವರೆಗೆ ನೀರು. ಜನ ಕೋಳಿ, ಮಕ್ಕಳು, ಮುದುಕರನ್ನು ಎತ್ತಿಕೊಂಡು ಕಾಪುವಿನ ಶಾಲೆಗೆ ಬಂದರು ಎಂಬ ಸುದ್ದಿ ಇನ್ನಂಜೆಗೆ ತಲುಪಿತು. ಆದರೆ ಲಿಡ್ವಿನ್ ಇನ್ನಂಜೆಯಲ್ಲೇ ಸಿಕ್ಕಿಬಿದ್ದಿದ್ದಳು. ಹಳ್ಳ ದಾಟುವ ಸಂಕ ಕೊಚ್ಚಿಹೋಗಿತ್ತು, ಗದ್ದೆ ಯಾವುದು ತೋಡು ಯಾವುದು ಎಂದು ತಿಳಿಯದಷ್ಟು ನೀರು.

ಮೊದಲ ದಿನವೇ ಅವಳು ಕೊಡೆ ಹಿಡಿದು ಹೊರಟಳು. ಡೊಮಿನಿಕ್ ಓಡಿ ಬಂದು ಅಕ್ಕನ ತೋಳು ಹಿಡಿದು ನಿಲ್ಲಿಸಿದ.

"ಬಾಯ್, ನಿನಗೆ ಹುಚ್ಚಾ? ನೀರು ಎಳೆದುಕೊಂಡು ಹೋದರೆ ಯಾರಿಗೆ ಲಾಭ? ಅಲ್ಲಿ ನೀನು ಕಲಿಸಿದವರು ಇದ್ದಾರಲ್ಲ."

"ಕಲಿಸಿದ್ದು ನಾನು. ಎಷ್ಟು ಕಲಿತಿದ್ದಾರೋ ಯಾರಿಗೆ ಗೊತ್ತು?"

ನಾಲ್ಕು ದಿನ ಅವಳು ಜಗಲಿಯಿಂದ ಒಳಗೆ, ಒಳಗಿಂದ ಜಗಲಿಗೆ ಅಲೆದಳು. ಊಟ ಸೇರಲಿಲ್ಲ. ಡೊಮಿನಿಕನ ಹೆಂಡತಿ ಕ್ಲಾರಾ ಕಷಾಯ ಮಾಡಿ ಕೊಟ್ಟರೆ ತಣ್ಣಗಾಗುವವರೆಗೆ ಕೈಯಲ್ಲೇ ಹಿಡಿದು ಕೂರುತ್ತಿದ್ದಳು. ಐದನೆಯ ದಿನ ಬೆಳಿಗ್ಗೆ ಮಳೆ ತುಸು ಬಿಟ್ಟಾಗ, ನೆರೆಮನೆಯ ಸುಂದರ ತನ್ನ ಪಾತಿದೋಣಿಯಲ್ಲಿ ಅವಳನ್ನು ಗದ್ದೆಗಳ ಮೇಲಿಂದಲೇ ದಾಟಿಸಿ ರಸ್ತೆಗೆ ಬಿಟ್ಟ.

ಶಾಲೆಯ ಅಂಗಳ ತಲುಪಿದವಳು ಮೊದಲು ಮೂಗಿನಿಂದ ಉಸಿರೆಳೆದು ನೋಡಿದಳು. ಮರದ ಹೊಗೆ, ಒದ್ದೆ ಬಟ್ಟೆ, ಸುಣ್ಣ. ಬೇರೆ ನಾತವಿಲ್ಲ. ಹಿಂಬದಿಯ ತಗ್ಗಿನಲ್ಲಿ ತೆಂಗಿನ ಮಡಲಿನ ತಟ್ಟಿ ಕಟ್ಟಿದ ಕಕ್ಕಸಿನ ಸಾಲು ಕಂಡಿತು, ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ. ಭುಜಂಗ ಮಾಷ್ಟ್ರು ಮೊಣಕಾಲಿನವರೆಗೆ ಕೆಸರಾಗಿ ಹೊಸ ಗುಂಡಿಯೊಂದರಲ್ಲಿ ಇಳಿದು ಮಣ್ಣು ಎತ್ತಿ ಹಾಕುತ್ತಿದ್ದರು. ಅವಳನ್ನು ಕಂಡು, "ಇನ್ನೂರ ಅರುವತ್ತು ಜನ, ನರ್ಸಮ್ಮ. ಹಳೆಯದು ತುಂಬಿತು" ಎಂದಷ್ಟೇ ಹೇಳಿ ಮತ್ತೆ ಬಾಗಿದರು. ಹಜಾರದಲ್ಲಿ ಬೆಂಜಮಿನ್ ಮನೆಮನೆಯ ಪಟ್ಟಿ ಹಿಡಿದು, ಬಂದವರಿಗೆಲ್ಲ ಬೆಂಚು ಕೊಟ್ಟು ಕೂರಿಸಿ ಹೆಸರು ಕೂಗುತ್ತಿದ್ದ. ಬಾವಿಕಟ್ಟೆಯಲ್ಲಿ ಒಂದೇ ಹಗ್ಗ, ಒಂದೇ ಕೊಡಪಾನ. ಬೇರೆ ಪಾತ್ರೆ ಇಳಿಸುವ ಹಾಗಿಲ್ಲ. ನಾಲ್ಕು ದಿನದಿಂದ ಅವಳ ಎದೆಯಲ್ಲಿ ಕೂತಿದ್ದ ಕಲ್ಲು ಇಳಿಯಿತು.

ಕೊನೆಯ ಕೋಣೆ ರೋಗಿಗಳದ್ದು. ಮೂವರಿಗೆ ಭೇದಿ. ಬಾಗಿಲಲ್ಲಿ ಸುಗಂಧಿ ಕೂತಿದ್ದಳು. ಒಳಗೆ ನೋಡಿದ ಲಿಡ್ವಿನ್ ತಟ್ಟನೆ ನಿಂತಳು. ಚಾಪೆಯ ಮೇಲೆ ನಾಲ್ಕೈದು ವರ್ಷದ ಹೆಣ್ಣುಮಗು. ಅದರ ಪಕ್ಕದಲ್ಲಿ ತಾಯಿ, ರೋಗವಿಲ್ಲದ ಹೆಂಗಸು, ಚಮಚದಲ್ಲಿ ಗಂಜಿತಿಳಿ ಕುಡಿಸುತ್ತಿದ್ದಳು.

"ಅವಳನ್ನು ಯಾರು ಒಳಗೆ ಬಿಟ್ಟದ್ದು?"

"ನಾನು, ಬಾಯಮ್ಮ."

"ನಾನು ಕಲಿಸಿದ್ದೆಂತ? ರೋಗದವರ ಹತ್ತಿರ ಮನೆಯವರು ಇರಬಾರದು. ಹತ್ತು ಸಲ ಹೇಳಿದ್ದೇನೆ. ಇವಳಿಂದ ಶಾಲೆಗೆಲ್ಲ ಹರಡಿದರೆ?" ಅವಳ ಸ್ವರ ಏರಿತು. ಹಜಾರದಲ್ಲಿದ್ದವರು ತಿರುಗಿ ನೋಡಿದರು.

ಸುಗಂಧಿ ಎದ್ದು ನಿಂತಳು, ಆದರೆ ತಲೆ ತಗ್ಗಿಸಲಿಲ್ಲ. "ನೀವು ಹೇಳಿದ ಹಾಗೆಯೇ ಮೊದಲು ಬೇರೆ ಮಾಡಿದೆ. ಮಗು ನನ್ನ ಕೈಯಿಂದ ಒಂದು ತೊಟ್ಟು ಕುಡಿಯಲಿಲ್ಲ. ಅಮ್ಮ ಬೇಕು ಎಂದು ಅತ್ತದ್ದೇ ಅತ್ತದ್ದು. ಕುಡಿಯದಿದ್ದರೆ ಜೀವ ಹೋಗುತ್ತದೆ ಎಂದು ನೀವೇ ಹೇಳಿದ್ದಲ್ವಾ? ಅದಕ್ಕೆ ಅವಳನ್ನು ಒಳಗೆ ಬಿಟ್ಟೆ. ಆದರೆ ಒಳಗೆ ಹೋದವಳು ಹೊರಗೆ ಬರುವ ಹಾಗಿಲ್ಲ ಎಂದಿದ್ದೇನೆ. ಊಟ ಬಾಗಿಲಿಗೆ ಬರುತ್ತದೆ. ಒಂದೊಂದು ಸಲವೂ ಸಾಬೂನು ಹಾಕಿ ಕೈ ತೊಳೆಯುವುದನ್ನು ಇಲ್ಲೇ ಕೂತು ನೋಡುತ್ತೇನೆ. ಬಟ್ಟೆಯನ್ನೆಲ್ಲ ಕುದಿಸುತ್ತೇನೆ. ಮೂರು ದಿನ ಆಯಿತು, ಇನ್ನೊಬ್ಬರಿಗೆ ಹರಡಿಲ್ಲ. ನಿನ್ನೆಯಿಂದ ಮಗುವಿಗೆ ಭೇದಿ ನಿಂತಿದೆ. ನೀವೇ ನೋಡಿ."

ಲಿಡ್ವಿನ್ ಒಳಗೆ ಹೋಗಿ ಕುಕ್ಕುರುಗಾಲಲ್ಲಿ ಕೂತು ಮಗುವಿನ ನಾಡಿ ಹಿಡಿದಳು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಳು. ಚರ್ಮ ಕೂಡಲೇ ಸಮನಾಯಿತು. ನಾಲಗೆ ಒದ್ದೆಯಾಗಿತ್ತು, ಮೈಯ ನೀರು ಆರಿರಲಿಲ್ಲ. ತಾಯಿ ಹೆದರಿ ಚಮಚ ಹಿಡಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಿದ್ದಳು.

"ಕುಡಿಸು ಮಗಾ" ಎಂದಳು ಲಿಡ್ವಿನ್. ಮತ್ತೆ ಹೊರಗೆ ಬಂದು, ಕೈ ತೊಳೆದು, ಜಗಲಿಯ ತುದಿಗೆ ಹೋಗಿ ಕೂತಳು. ಎಷ್ಟು ಹೊತ್ತಾದರೂ ಏಳಲಿಲ್ಲ. ಸುಗಂಧಿ ಬಾಗಿಲಿಗೆ ಬೆಂಜಮಿನನನ್ನು ಕೂರಿಸಿ ಅವಳ ಹತ್ತಿರ ಬಂದಳು.

"ಸಿಟ್ಟು ಬಂತಾ, ಬಾಯಮ್ಮ?"

"ನಿನ್ನ ಮೇಲೆ ಅಲ್ಲ" ಎಂದಳು ಲಿಡ್ವಿನ್. ಮಳೆಯನ್ನು ನೋಡುತ್ತಲೇ ಹೇಳತೊಡಗಿದಳು. ಅಸ್ಸಾಮಿನ ಶಿಬಿರಕ್ಕೆ ಒಬ್ಬಳು ಬಂದಿದ್ದಳಂತೆ, ಇಪ್ಪತ್ತು ದಿನ ಕಾಡಿನಲ್ಲಿ ಮಗುವನ್ನು ಎತ್ತಿಕೊಂಡು ನಡೆದವಳು. ಮಗುವಿಗೆ ಕಾಲರಾ. ನಿಯಮ ಎಂದರೆ ನಿಯಮ. ಇಪ್ಪತ್ತೆರಡು ವರ್ಷದ ಲಿಡ್ವಿನ್ ತಾನೇ ಆ ತಾಯಿಯ ಬೆರಳು ಒಂದೊಂದಾಗಿ ಬಿಡಿಸಿ, ಮಗುವನ್ನು ರೋಗಿಗಳ ಡೇರೆಗೆ ಒಯ್ದಳು. ಮಗು ಅವಳ ಮುಖ ನೋಡಿ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿತು. ತಾಯಿ ಹಗ್ಗದ ಆಚೆ ನಿಂತು ಕರೆಯುತ್ತಲೇ ಇದ್ದಳು. ಮರುದಿನ ಮಧ್ಯಾಹ್ನ ಮಗುವಿನ ಉಸಿರು ನಿಂತಿತು.

"ಅವಳು ನನಗೆ ಒಂದು ಮಾತೂ ಬೈಯಲಿಲ್ಲ. ನಾನು ಸರಿಯಾದದ್ದನ್ನೇ ಮಾಡಿದೆ ಎಂದು ಹದಿನೆಂಟು ವರ್ಷ ಹೇಳಿಕೊಂಡು ಬಂದೆ. ನಿಮಗೂ ಅದನ್ನೇ ಕಲಿಸಿದೆ."

ಸುಗಂಧಿ ಅವಳ ಬೆನ್ನ ಮೇಲೆ ಕೈಯಿಟ್ಟಳು. "ಗಂಜಿ ಉಂಟು, ಉಣ್ಣಿ" ಎಂದಳು. ಲಿಡ್ವಿನ್ ನಾಲ್ಕು ದಿನಗಳ ಮೇಲೆ ಮೊದಲ ಸಲ ಬಟ್ಟಲು ತುಂಬ ಉಂಡಳು.

ಹದಿಮೂರು ದಿನ ನಡೆದ ಆ ಶಿಬಿರದಲ್ಲಿ ತೀರಿಕೊಂಡವರು ಒಬ್ಬರೇ, ತೊಂಬತ್ತು ದಾಟಿದ ಮುದುಕ, ಅದೂ ವಯಸ್ಸಿನಿಂದ. ಸುದ್ದಿ ಹಬ್ಬಿ ಪರ್ಕಳದಿಂದ, ಮಣಿಪಾಲದಿಂದ, ಕಾರ್ಕಳದಿಂದ ತಮಗೂ ಕಲಿಸಬೇಕೆಂದು ಕರೆ ಬಂತು. ಕಾರ್ಕಳದ ಮೊದಲ ತರಗತಿಗೆ ಲಿಡ್ವಿನ್ ಸುಗಂಧಿಯನ್ನೂ ಕರೆದುಕೊಂಡು ಹೋದಳು. ರೋಗಿಗಳ ಕೋಣೆಯ ಪಾಠ ಅವಳೇ ಮಾಡಬೇಕೆಂದಳು.

"ಮೀನು ಮಾರುವವಳು ನಮಗೆ ಪಾಠ ಹೇಳುವುದಾ?" ಎಂದು ಒಬ್ಬರು ಗೊಣಗಿದರು. ಜೊತೆಗೆ ಹೋಗಿದ್ದ ಭುಜಂಗ ಮಾಷ್ಟ್ರು ಎದ್ದು, ಮೆತ್ತಗೆ, "ನನಗೂ ಹೇಳಿದ್ದು ಇವಳೇ" ಎಂದರು. ಸುಗಂಧಿ ತುಳುವಿನಲ್ಲಿ, ಸಂತೆಯ ಗಟ್ಟಿ ಸ್ವರದಲ್ಲಿ, ತಾಯಿಯನ್ನು ಒಳಗೆ ಬಿಡುವ ಕ್ರಮ ಹೇಳಿಕೊಟ್ಟಳು. ಅವಳು ಮುಗಿಸಿದ ಮೇಲೆ ಲಿಡ್ವಿನ್ ಎದ್ದು, ಈ ಪಾಠವನ್ನು ತಾನು ಮೊದಲು ತಪ್ಪು ಕಲಿಸಿದ್ದೆನೆಂದೂ, ಯಾಕೆಂದೂ ಹೇಳಿದಳು. ಮುಂದೆ ಎಂಟು ವರ್ಷ, ಯಾವ ಊರಿನ ತರಗತಿಯಲ್ಲೂ ಅದನ್ನು ಬಿಡದೆ ಹೇಳಿದಳು.

ಆ ದಿನ ಕಾರ್ಕಳದಿಂದ ಹಿಂದೆ ಬರುವಾಗ ಬಸ್ಸಿನಲ್ಲಿ ಸುಗಂಧಿ ಕೇಳಿದಳು, "ಬಾಯಮ್ಮ, ಅಸ್ಸಾಮಿನ ಆ ಮಗುವಿನ ಹೆಸರು ಎಂತ?"

ಲಿಡ್ವಿನ್ ಕಿಟಕಿಯ ಕಡೆ ತಿರುಗಿದಳು. "ಕೇಳಲಿಲ್ಲ. ಕೇಳುವಷ್ಟು ಹೊತ್ತು ಇತ್ತು. ಆದರೂ ಕೇಳಲಿಲ್ಲ."

ಮುಂದಿನ ವಾರ ಅವಳು ಇಗರ್ಜಿಗೆ ಹೋಗಿ ಒಂದು ಪೂಜೆ ಹೇಳಿಸಿದಳು. ಯಾರ ಆತ್ಮಕ್ಕೆ ಎಂದು ಪಾದ್ರಿಗಳು ಬರೆದುಕೊಳ್ಳಲು ಕೇಳಿದಾಗ, "ಹೆಸರು ಗೊತ್ತಿಲ್ಲ ಫಾದರ್, ಒಂದು ಮಗು" ಎಂದಳು. ಅವರು ಹಾಗೆಯೇ ಬರೆದುಕೊಂಡರು. ಪೂಜೆಯ ದಿನ ಬೆಳಿಗ್ಗೆ ಡೊಮಿನಿಕ್, ಕ್ಲಾರಾ ಬಂದರು. ಮಿಂದು, ಮಡಿಸಿಟ್ಟ ಸೀರೆ ಉಟ್ಟು ಸುಗಂಧಿಯೂ ಬಂದಳು. ಕಟ್ಟಕಡೆಯ ಬೆಂಚಿನಲ್ಲಿ ಕೂತು, ಯಾವಾಗ ಏಳುವುದು, ಯಾವಾಗ ಮೊಣಕಾಲೂರುವುದು ಎಂದು ತಿಳಿಯದೆ, ಪೂಜೆ ಮುಗಿಯುವವರೆಗೂ ಮುಂದಿನ ಸಾಲಿನ ಲಿಡ್ವಿನಳನ್ನೇ ನೋಡುತ್ತ, ಅವಳು ಮಾಡಿದ ಹಾಗೆ ಮಾಡಿದಳು.